ಎಸ್ಟಿಮೇಟ್ 120 ಗಂಟೆ, ಬಿಲ್ 186 ಗಂಟೆ

ವರ್ಕ್‌ಶಾಪ್ ಮಾಲೀಕರಿಗೆ,

ವಿಷಯ: ನನ್ನ ಹಳೆಯ ಕಾರಿನ ಕಸ್ಟಮ್ ಕೆಲಸದ ಬಿಲ್‌ನಲ್ಲಿ ಸೇರಿರುವ ಹೆಚ್ಚುವರಿ ಗಂಟೆಗಳು

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಹುಡುಗರ ಕೈಚಳಕದ ಬಗ್ಗೆ ನನ್ನದೇನೂ ತಕರಾರಿಲ್ಲ. ನಾಲ್ಕೂ ಬಾಗಿಲುಗಳ ಸಂದು ಒಂದೇ ಸಮ ಬಂದಿದೆ. ಜಗಳ ಇರುವುದು ಬಿಲ್ ಜೊತೆ.

ಇಬ್ಬರೂ ಸಹಿ ಮಾಡಿದ ಎಸ್ಟಿಮೇಟ್‌ನಲ್ಲಿ ಲೇಬರ್ 120 ಗಂಟೆ. ಬಿಲ್‌ನಲ್ಲಿ 186. ಹಳೆಯ ಕಾರು, ಬಿಚ್ಚಿದ ಮೇಲೇ ಒಳಗಿನ ಸ್ಥಿತಿ ಗೊತ್ತಾಗುವುದು, ಒಪ್ಪುತ್ತೇನೆ. ಫ್ಲೋರ್‌ನಲ್ಲಿ ತುಕ್ಕು ಕಂಡಾಗ ನೀವು ಅವತ್ತೇ ಫೋಟೊ ಕಳಿಸಿದಿರಿ. ಹೊಸ ತಗಡು ವೆಲ್ಡಿಂಗ್ ಮಾಡಲು 14 ಗಂಟೆ ಬೇಕು ಎಂದಿರಿ. ನಾನು ಮೆಸೇಜ್‌ನಲ್ಲೇ ಹೂಂ ಅಂದೆ. ಅದನ್ನು ಕೊಡುತ್ತೇನೆ. ಉಳಿದ 52 ಗಂಟೆಗೆ ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ?

ಅದರಲ್ಲಿ 22 ಗಂಟೆ ‘ವೈರಿಂಗ್ ಹಾರ್ನೆಸ್ ಕೈಯಲ್ಲಿ ಕಟ್ಟಿದ್ದಕ್ಕೆ’ ಎಂದು ಬರೆದಿದ್ದೀರಿ, ಅಂದರೆ ಕಾರಿನ ವೈರ್‌ಗಳ ಕಟ್ಟನ್ನು ನೀವೇ ಹೆಣೆದಿರಿ ಅಂತ. ಅದೇ ಬಿಲ್‌ನ ಪಾರ್ಟ್ಸ್ ಪಟ್ಟಿಯಲ್ಲಿ ರೆಡಿಮೇಡ್ ಹಾರ್ನೆಸ್ ಕೂಡ ಇದೆ. ಅನುಮಾನ ಬಂದು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದೊಂದು ವೈರ್ ಮೇಲೂ ಹೆಡ್‌ಲೈಟ್, ಹಾರ್ನ್ ಅಂತ ಕಾರ್ಖಾನೆಯ ಅಚ್ಚು ಇದೆ. ಕೂರಿಸಿದ ಕೂಲಿ ಎಸ್ಟಿಮೇಟ್‌ನಲ್ಲೇ ಇತ್ತು. ಮತ್ತೆ ಕಟ್ಟಿದ ಕೂಲಿ ಎಲ್ಲಿಂದ ಬಂತು?

ಇನ್ನು 16 ಗಂಟೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಉಜ್ಜಿ ಪಾಲಿಶ್ ಮಾಡಿದ್ದಕ್ಕೆ. ಬಾನೆಟ್ ಮೇಲೆ ಪೇಂಟ್ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿ ಕೂತಿತ್ತು, ಅದನ್ನು ಸರಿ ಮಾಡಿದಿರಿ. ಸರಿ ಮಾಡಿದ್ದು ಸಂತೋಷ. ಆದರೆ ಸ್ಪ್ರೇ ಹಿಡಿದವರು ನೀವೇ ಅಲ್ವಾ? ಮಿಕ್ಕ 14 ಗಂಟೆ ಸುಮ್ನೆ ‘ಇತರೆ’. ಸ್ಯಾಂಡ್‌ಪೇಪರ್, ಮಾಸ್ಕಿಂಗ್ ಟೇಪ್, ಥಿನ್ನರ್ ಕೂಡ ಪೇಂಟ್ ಸಾಮಗ್ರಿಯಲ್ಲಿ ಒಮ್ಮೆ, ವರ್ಕ್‌ಶಾಪ್ ಖರ್ಚಿನಲ್ಲಿ ಇನ್ನೊಮ್ಮೆ ಬಂದಿವೆ.

ಫೋನಿನಲ್ಲಿ ಕೇಳಿದರೆ ‘ಕಸ್ಟಮ್ ಕೆಲಸ ಅಂದ್ರೆ ಹಾಗೇ’ ಎಂಬ ಉತ್ತರ ಸಿಕ್ಕಿತು. ಅದಕ್ಕೇ ಈ ಪತ್ರ.

ಯಾವ ದಿನ, ಯಾರು, ಯಾವ ಕೆಲಸ, ಎಷ್ಟು ಹೊತ್ತು ಎಂಬ ಲೆಕ್ಕದ ಪುಸ್ತಕದ ಪ್ರತಿ ಕೊಡಿ. ಪಾರ್ಟ್ಸ್ ಖರೀದಿಯ ಬಿಲ್‌ಗಳೂ ಬೇಕು. ಬಿಚ್ಚಿದ ಹಳೆಯ ಪಾರ್ಟ್ಸ್ ನನ್ನವು, ಎಸೆಯಬೇಡಿ. ತಕರಾರಿಲ್ಲದ 134 ಗಂಟೆಯ ಲೇಬರ್ ಮತ್ತು ಎಸ್ಟಿಮೇಟ್‌ನಲ್ಲಿದ್ದ ಪಾರ್ಟ್ಸ್ ಹಣವನ್ನು ಇವತ್ತೇ ಕಟ್ಟುತ್ತಿದ್ದೇನೆ, ಮುಂಗಡ ಕಳೆದು. ರಸೀದಿಯಲ್ಲಿ ‘ಪೂರ್ತಿ ಚುಕ್ತಾ’ ಎಂದು ಬರೆಯಬೇಡಿ, ‘ಭಾಗಶಃ’ ಎಂದೇ ಬರೆಯಿರಿ. ಲೆಕ್ಕ ತೀರುವ ತನಕ ಕಾರಿಗೆ ಹೊಸ ಕೆಲಸ ಬೇಡ, ಅಲ್ಲಿ ನಿಲ್ಲಿಸಿದ್ದಕ್ಕೆ ಬಾಡಿಗೆಯನ್ನೂ ಹಾಕಬೇಡಿ.

10 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಎದುರು ಕೂತು ಬಿಲ್ ಸಾಲು ಸಾಲಾಗಿ ನೋಡೋಣ ಎಂದರೆ ಅದಕ್ಕೂ ಬರುತ್ತೇನೆ. ಎಸ್ಟಿಮೇಟ್, ತುಕ್ಕಿನ ಮೆಸೇಜ್, ವೈರಿಂಗ್ ಫೋಟೊಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಕಾರಿನ ಮಾಲೀಕ