ಗೊಬ್ಬರದ ಅಂಗಡಿಯಲ್ಲಿ ಹುಟ್ಟುವ ಪದಗಳು

ಮಾನ್ಯ ಸಂಪಾದಕರೇ,

ಹೊಸದಾಗಿ ಬಂದ ಪ್ರತಿ ವಸ್ತುವಿಗೂ ಪಂಡಿತರು ಕೂತು ಕನ್ನಡ ಪದ ಕಟ್ಟಿಕೊಡಬೇಕು ಎಂದು ಓದುಗರು ನಿಮ್ಮ ಪುಟದಲ್ಲಿ ಆಗಾಗ ಬರೆಯುತ್ತಾರೆ. ನಾನು ಕಲಬುರಗಿ ಗಂಜ್‌ನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಪದ ಕಟ್ಟುವ ಕೆಲಸ ನನ್ನ ಗಲ್ಲಾದ ಮುಂದೆ ದಿನಾ ನಡೆಯುತ್ತದೆ. ಪಂಡಿತರು ಯಾರೂ ಇರುವುದಿಲ್ಲ.

ತೊಗರಿಗೆ ಹುಳ ಬಿದ್ದರೆ ರೈತರು ಬಂದು ಕೇಳುವುದು 'ಎಣ್ಣಿ'. ಬಾಟಲಿ ಮೇಲೆ 'ಕೀಟನಾಶಕ' ಅಂತ ಅಚ್ಚಾಗಿರುತ್ತದೆ, ಓದುವವರು ಯಾರು? ಈ ಔಷಧಿಗಳಲ್ಲಿ ಬಹಳಷ್ಟು ಜಿಡ್ಡುಜಿಡ್ಡಾಗಿರುತ್ತವೆ. ಬಕೆಟ್ ನೀರಿಗೆ ಒಂದು ಮುಚ್ಚಳ ಸುರಿದರೆ ನೀರೆಲ್ಲ ಬೆಳ್ಳಗಾಗುತ್ತದೆ. ಕಂಡದ್ದಕ್ಕೆ ಮನೆಯಲ್ಲಿದ್ದ ಹೆಸರನ್ನೇ ಹಚ್ಚಿದರು. ಆಮೇಲೆ ಕಳೆ ಸಾಯಿಸುವ ಔಷಧಿ ಬಂತು. ಅದೂ ಬರೀ ಎಣ್ಣಿ ಆದರೆ ಗತಿಯೇನು? ತೊಗರಿಗೇ ಹೊಡೆದು ಬೆಳೆ ಸುಟ್ಟುಕೊಳ್ಳಬೇಕಾಗುತ್ತಿತ್ತು. ಹಾಗಾಗಿ 'ಕಸದ ಎಣ್ಣಿ' ಬೇರೆ ಆಯಿತು, 'ಹುಳದ ಎಣ್ಣಿ' ಬೇರೆ ಆಯಿತು.

ಯೂರಿಯಾ, ಡಿಎಪಿ ಹಳಬರ ಬಾಯಲ್ಲಿ 'ಸರಕಾರಿ ಗೊಬ್ಬರ'. ತಿಪ್ಪೆಯದ್ದು ನಮ್ಮದು, ಚೀಲದ್ದು ಸರಕಾರದ್ದು. (ತಯಾರಿಸುವುದು ಯಾವ ಕಂಪನಿಯಾದರೂ ಹೆಸರು ಮಾತ್ರ ಸರಕಾರಕ್ಕೆ!) ಇನ್ನು 'ಹೈಬ್ರಿಡ್' ಅನ್ನುವುದು ಬೀಜದ ಪಾಕೀಟಿನಿಂದ ಎದ್ದು ಮನುಷ್ಯರ ಮೇಲೇ ಬಂದಿದೆ. ಒಂದು ಚೀಲ ಎತ್ತಿ ಏದುಸಿರು ಬಿಡುವ ಹುಡುಗನನ್ನು ಕಂಡರೆ ನಮ್ಮ ಹಮಾಲರು 'ಹೈಬ್ರಿಡ್ ಅದಾನ, ಬಿಡ್ರಿ' ಅಂತ ನಗುತ್ತಾರೆ. ಇದು ಈಗ ಇಂಗ್ಲಿಷ್ ಪದವೋ, ಕನ್ನಡದ್ದೋ ನೀವೇ ಹೇಳಿ.

ಪಂಡಿತರು ಕಟ್ಟಿದ್ದೆಲ್ಲ ಸುಮ್ನೆ ಹೋಯಿತು ಅಂತಲೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಶುರು ಮಾಡಿದ ರೇಡಿಯೋ ಕೇಂದ್ರದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು. ಪುರಾಣ ಕೇಳಿದವರಿಗೆ ಆ ಪದ ಮೊದಲೇ ಗೊತ್ತಿತ್ತು, ಅಲ್ವಾ? ಆದರೂ ಮನೆಯಲ್ಲಿದ್ದ ಪೆಟ್ಟಿಗೆ ರೇಡಿಯೋ ಆಗಿಯೇ ಉಳಿಯಿತು.

ನನ್ನ ವಿನಂತಿ ನಿಮ್ಮ ಕೃಷಿ ಪುಟದ ಬಗ್ಗೆ. ವಿಜ್ಞಾನಿಗಳು 'ನಿಪ್ಪಿಂಗ್' ಅನ್ನುವುದನ್ನು ನೀವು ತೊಗರಿಯ 'ಕುಡಿ ಚಿವುಟುವುದು' ಎಂದು ಬರೆದಿರಿ, ಎಲ್ಲರಿಗೂ ತಿಳಿಯಿತು. 'ಶಿಲೀಂಧ್ರನಾಶಕ ಸಿಂಪಡಿಸಿ' ಎಂದು ಬರೆದರೆ ಮಾತ್ರ ಪತ್ರಿಕೆಯ ತುಂಡು ಹಿಡಿದು 'ಇದು ಯಾವ ಎಣ್ಣಿ?' ಅಂತ ಸಾಲಾಗಿ ಬರುತ್ತಾರೆ. ಪಕ್ಕದಲ್ಲಿ 'ರೋಗದ ಎಣ್ಣಿ' ಅಂತ ಒಂದು ಮಾತು ಸೇರಿಸಿ. ಹಂಗಾಮಿನಲ್ಲಿ ನನಗೂ ಊಟಕ್ಕೆ ಸ್ವಲ್ಪ ಹೊತ್ತು ಸಿಗುತ್ತದೆ.

— ಒಬ್ಬ ಅಂಗಡಿಕಾರ, ಗಂಜ್, ಕಲಬುರಗಿ