ಬ್ಯಾಟರಿ ರೂಮಿನ ಕಡೆಗೂ ನೋಡಿ: ಇಂಧನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ಬೆಂಗಳೂರಿನ ಆಸ್ಪತ್ರೆ, ಬ್ಯಾಂಕು, ಡೇಟಾ ಸೆಂಟರ್‌ಗಳಲ್ಲಿ ಯುಪಿಎಸ್ ಬ್ಯಾಟರಿ ರೂಮುಗಳಿವೆ. ಅಲ್ಲಿ ಸ್ಪ್ಯಾನರ್ ಹಿಡಿದು ಕೆಲಸ ಮಾಡುವ ಹುಡುಗರ ಪರವಾಗಿ ಈ ಪತ್ರ. ನಾನೂ ಅದೇ ಕೆಲಸದವನು.

‘12 ವೋಲ್ಟ್ ತಾನೇ, ಏನಾಗುತ್ತೆ?’ ಅನ್ನುವ ಮಾತು ಇಲ್ಲಿ ಮಾಮೂಲು. ಒಂದೇ ಬ್ಯಾಟರಿಯಾದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ದೊಡ್ಡ ಯುಪಿಎಸ್‌ಗೆ 40 ಬ್ಯಾಟರಿಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸಾಲಾಗಿ, ಜೋಡಿಸಿದರೆ 480 ವೋಲ್ಟ್ ಆಯಿತು. ಒಂದೊಂದರ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ತಡೆ) 5 ಮಿಲಿಓಮ್ ಎಂದು ಹಿಡಿಯಿರಿ, 40ಕ್ಕೂ ಸೇರಿ 0.2 ಓಮ್. ಶಾರ್ಟ್ ಆದರೆ 2,400 ಆಂಪಿಯರ್ ನುಗ್ಗುತ್ತದೆ. ಆರ್ಕ್, ಅಂದರೆ ಕರೆಂಟು ಗಾಳಿಯಲ್ಲೇ ಹರಿದು ಉರಿಯುವ ಕಿಡಿ, ಹತ್ತಿಕೊಂಡರೆ ಅದರ ಪವರ್ 288 ಕಿಲೋವ್ಯಾಟ್‌ವರೆಗೂ ಹೋಗಬಹುದು. ಒಂದೂವರೆ ಅಡಿ ದೂರದಲ್ಲಿರುವ ಮುಖಕ್ಕೆ 2 ಸೆಕೆಂಡಿನಲ್ಲಿ, ಚದರ ಸೆಂಟಿಮೀಟರಿಗೆ 5 ಕ್ಯಾಲೊರಿಗಿಂತ ಜಾಸ್ತಿ ಶಾಖ ಬಡಿಯುವ ಲೆಕ್ಕ ಇದು. ಚರ್ಮ ಸುಟ್ಟು ಬೊಬ್ಬೆ ಏಳಲು 1.2 ಸಾಕು. ಪಾಲಿಯೆಸ್ಟರ್ ಯೂನಿಫಾರ್ಮ್ ಹಾಕಿದ್ದರೆ ಅದೂ ಕರಗಿ ಮೈಗೆ ಅಂಟುತ್ತದೆ.

ನಮ್ಮ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಆಗ ಆರ್ಕ್ ಆರಲು ಅವಕಾಶ ಸಿಗುತ್ತದೆ. ಬ್ಯಾಟರಿಯದು ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟು, ಅದರಲ್ಲಿ ಆ ಬಿಡುವೇ ಇಲ್ಲ. ಹಾಗಾಗಿ ಎಸಿಗೆಂದು ಮಾಡಿದ ಬ್ರೇಕರನ್ನು ಇಲ್ಲಿ ಹಾಕುವುದು ಅಪಾಯ. ಅದಕ್ಕಿಂತ ದೊಡ್ಡ ತೊಂದರೆ, ಬ್ಯಾಟರಿಯನ್ನು ಆಫ್ ಮಾಡಲು ಬರುವುದಿಲ್ಲ. ಬ್ರೇಕರ್ ಇಳಿಸಿದರೂ ಸಾಲಿನೊಳಗೆ ವೋಲ್ಟೇಜ್ ಹಾಗೇ ಇರುತ್ತದೆ. ಫ್ಯೂಸ್ ಸಾಲಿನ ತುದಿಯಲ್ಲಿದ್ದು ಶಾರ್ಟ್ ಸಾಲಿನ ನಡುವೆಯೇ ಆದರೆ, ಆ ಕರೆಂಟು ಫ್ಯೂಸಿನ ಮೂಲಕ ಹರಿಯುವುದೇ ಇಲ್ಲ. ಫ್ಯೂಸ್ ಇದೆ ಎಂಬ ಧೈರ್ಯದಲ್ಲಿ ಹುಡುಗರು ಕೈ ಹಾಕುತ್ತಾರೆ. ನನಗೆ ನಿಜಕ್ಕೂ ಭಯ ಆಗುವುದು ಇಲ್ಲೇ.

ವಿದ್ಯುತ್ ಪರಿವೀಕ್ಷಣಾಲಯ ನಿಮ್ಮ ಇಲಾಖೆಯಲ್ಲೇ ಇದೆ. ಇನ್‌ಸ್ಪೆಕ್ಷನ್‌ಗೆ ಹೋದವರು ಟ್ರಾನ್ಸ್‌ಫಾರ್ಮರ್, ಪ್ಯಾನೆಲ್ ನೋಡಿದಷ್ಟೇ ಗಮನದಿಂದ ಬ್ಯಾಟರಿ ಸಾಲನ್ನೂ ನೋಡಲಿ. ಎಷ್ಟು ವೋಲ್ಟ್, ಶಾರ್ಟ್ ಆದರೆ ಎಷ್ಟು ಆಂಪಿಯರ್ ಎಂದು ಬಾಗಿಲ ಮೇಲೆ ಕನ್ನಡದಲ್ಲಿ ಬರೆಸಿ. ಕೆಲಸ ಶುರು ಮಾಡುವ ಮೊದಲು ಬ್ರೇಕರ್ ಇಳಿಸಿ, ಬ್ಯಾಟರಿಗಳನ್ನು ಜೋಡಿಸುವ ನಡುನಡುವಿನ ಲಿಂಕ್ ತೆಗೆದು ಸಾಲನ್ನು ಬಿಡಿಸುವುದು ಕಡ್ಡಾಯವಾಗಲಿ. 40ರ ಸಾಲನ್ನು ಐದೈದಾಗಿ ಬಿಡಿಸಿದರೆ ಒಂದು ತುಂಡಿನಲ್ಲಿ 60 ವೋಲ್ಟ್ ಅಷ್ಟೇ. ಶಾರ್ಟ್ ಆದರೆ ಕರೆಂಟು ಆಗಲೂ ಅಷ್ಟೇ ಹರಿಯುತ್ತದೆ, ಆದರೆ ಆರ್ಕ್ ದೊಡ್ಡದಾಗಿ ನಿಂತು ಉರಿಯುವುದು ಕಷ್ಟ. ಲಿಂಕ್ ತೆಗೆಯುವಾಗಲೂ ಗ್ಲೌಸ್, ಫೇಸ್ ಶೀಲ್ಡ್, ಇನ್ಸುಲೇಟೆಡ್ ಸ್ಪ್ಯಾನರ್ ಬೇಕೇ ಬೇಕು. ಟೇಪ್ ಸುತ್ತಿದ ಸ್ಪ್ಯಾನರ್ ಸಾಲದು. ಈ ಖರ್ಚು ಕೂಲಿಯವನ ಮೇಲೆ ಬೀಳದಂತೆ ಟೆಂಡರಿನಲ್ಲೇ ಸೇರಿಸಲು ಹೇಳಿ.

ಸೋಲಾರ್ ಕರೆಂಟ್ ಕೂಡಿಡಲು ಈಗ ದೊಡ್ಡ ಬ್ಯಾಟರಿ ಘಟಕಗಳು ಬರುತ್ತಿವೆ. ಅಂಥ ಕಡೆ ಡಿಸಿ ವೋಲ್ಟೇಜ್ 1,500ರವರೆಗೂ ಇರುತ್ತದೆ. ಅಲ್ಲಿಗೂ ಇದೇ ಹುಡುಗರು ಹೋಗುತ್ತಾರೆ. ಅದಕ್ಕೆ ಮೊದಲೇ ಸುತ್ತೋಲೆ ಹೊರಡಿಸಿ, ಐಟಿಐಗಳಲ್ಲಿ ಡಿಸಿ ಸುರಕ್ಷತೆಯ ಪ್ರಾಕ್ಟಿಕಲ್ ತರಬೇತಿ ಕೊಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಯುಪಿಎಸ್ ಸರ್ವಿಸ್ ಟೆಕ್ನಿಷಿಯನ್