ಮಗಳಿಗೊಂದು ಪತ್ರ: ವಿಶ್ವ ಹುಟ್ಟಲು ದೇವರು ಬೇಕಿತ್ತೇ?

ಪುಟ್ಟೀ,

ನಿನ್ನೆ ಅಜ್ಜಿ ಸ್ಪೀಕರ್ ಹಾಕಿದ್ದರು, ನಿಮ್ಮಿಬ್ಬರ ವಾದ ಪೂರ್ತಿ ಕಿವಿಗೆ ಬಿತ್ತು. "ಬಿಗ್ ಬ್ಯಾಂಗ್ ಆಯ್ತು, ದೇವರ ಕೆಲಸ ಮುಗೀತು" ಅಂತ ನೀನು. "ಹಂಗಾದ್ರ ಅದನ್ನ ಮಾಡಿದವ್ರು ಯಾರವ್ವಾ?" ಅಂತ ಅವರು. ನೀನು ಸುಮ್ಮನಾದೆ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಬಿಗ್ ಬ್ಯಾಂಗ್, ಅಂದರೆ ವಿಶ್ವ ವಿಪರೀತ ಬಿಸಿಯಾದ, ಒತ್ತೊತ್ತಾದ ಸ್ಥಿತಿಯಿಂದ ಹಿಗ್ಗುತ್ತಾ ಬಂತು ಅನ್ನೋ ಸಿದ್ಧಾಂತ, ದೇವರಿಗೆ ವಿರುದ್ಧ ಅಂತ ನಿನಗೆ ಹೇಳಿದವರು ಯಾರು? ಅದನ್ನು ಮುಂದಿಟ್ಟ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದರು. 1931ರಲ್ಲಿ, ಎಲ್ಲವೂ ಒಂದೇ ಆದಿ ಪರಮಾಣುವಿನಿಂದ ಶುರುವಾಗಿರಬೇಕು ಅಂದರು. ಕೇಳಿ ಮೂಗು ಮುರಿದದ್ದು ಯಾರು ಗೊತ್ತಾ? ದೇವರನ್ನು ನಂಬದ ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್. ಆರಂಭ ಅಂತ ಒಪ್ಪಿಕೊಂಡರೆ ಹಿಂಬಾಗಿಲಿಂದ ದೇವರು ಒಳಗೆ ಬರುತ್ತಾನೆ ಅನ್ನೋ ಅನುಮಾನ ಅವರಿಗೆ. 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ 'ಬಿಗ್ ಬ್ಯಾಂಗ್' ಅನ್ನೋ ಹೆಸರಿಟ್ಟವರೂ ಅವರೇ! ಮುಂದೆ 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ಈ ವಿಜ್ಞಾನ ಸೃಷ್ಟಿಕರ್ತನಿಗೇ ಸಾಕ್ಷಿ ಹೇಳುತ್ತಿದೆ ಅನ್ನೋ ಧಾಟಿಯಲ್ಲಿ ಮಾತಾಡಿದರು. ಆಗ ಕಸಿವಿಸಿಯಾದದ್ದು ಲೆಮೈತ್ರ್ ಅವರಿಗೇ. ಸಮೀಕರಣ ಬೇರೆ, ಪ್ರಾರ್ಥನೆ ಬೇರೆ ಅನ್ನುವವರು ಅವರು. ನನಗೆ ತುಂಬ ಇಷ್ಟವಾಗುವ ಪಾದ್ರಿ.

ಹಾಯ್ಲ್ ಅವರ ಶಿಷ್ಯ ನಮ್ಮ ಪುಣೆಯ ಜಯಂತ ನಾರ್ಲೀಕರ್. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ ಕಟ್ಟಿ ಬೆಳೆಸಿದವರು. ಸೈನ್ಸ್ ಡೇ ದಿನ ಅಲ್ಲಿ ಆರ್ಯಭಟನ ಮೂರ್ತಿಯ ಪಕ್ಕ ನಿಂತು ನೀನು ಫೋಟೋ ತೆಗೆಸಿಕೊಂಡಿದ್ದೆಯಲ್ಲ. ನಾರ್ಲೀಕರ್ 2025ರಲ್ಲಿ ತೀರಿಕೊಂಡರು. ಬಿಗ್ ಬ್ಯಾಂಗನ್ನು ಅವರು ಪ್ರಶ್ನಿಸುತ್ತಲೇ ಬಂದರು. 1965ರಲ್ಲಿ ಆಕಾಶದ ಹಿನ್ನೆಲೆ ವಿಕಿರಣ, ಅಂದರೆ ಆ ಮೊದಲ ಬಿಸಿಯ ಉಳಿಕೆ, ಪತ್ತೆಯಾದ ಮೇಲೆ ಹೆಚ್ಚಿನ ವಿಜ್ಞಾನಿಗಳು ಬಿಗ್ ಬ್ಯಾಂಗ್ ಕಡೆಗೇ ವಾಲಿದರು, ನನಗೂ ಅದೇ ಸರಿ ಕಾಣುತ್ತದೆ. ಆದರೆ ನೋಡು, ಯಾರು ನಂಬುವವರು, ಯಾರು ನಂಬದವರು ಅನ್ನೋದರ ಮೇಲೆ ಇಲ್ಲಿ ಏನೂ ತೀರ್ಮಾನ ಆಗಲಿಲ್ಲ.

ಇನ್ನು ಅಜ್ಜಿಯ ಪ್ರಶ್ನೆ. ಅದಕ್ಕೆ ತಿರುಗುಪ್ರಶ್ನೆ ನಮ್ಮ ಸೀಮೆಯಲ್ಲೇ ಹುಟ್ಟಿದೆ. ಸೋದರಮಾವನ ಊರಿಗೆ ಹೋಗುವಾಗ ಸೇಡಂ ರಸ್ತೆಯಲ್ಲಿ ಮಳಖೇಡ ಸಿಗುತ್ತದಲ್ಲ, ಕಾಗಿಣಾ ದಂಡೆಯ ಹಾಳು ಕೋಟೆ? ಅದೇ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷನಿಗೆ ಗುರುವಾಗಿದ್ದ ಜೈನ ಮುನಿ ಜಿನಸೇನಾಚಾರ್ಯರು ಖಡಾಖಂಡಿತ ಕೇಳಿದ್ದಾರೆ: ದೇವರು ಜಗತ್ತು ಮಾಡಿದ ಅಂದರೆ, ಮಾಡುವ ಮೊದಲು ಎಲ್ಲಿದ್ದ? ಸಾಮಾನು ಇಲ್ಲದೆ ಹೇಗೆ ಮಾಡಿದ? ಮೊದಲು ಸಾಮಾನು ಮಾಡಿಕೊಂಡ ಅಂದರೆ ಅದನ್ನು ಯಾವುದರಿಂದ ಮಾಡಿದ? ಏನೂ ಕೊರತೆ ಇಲ್ಲದವನಿಗೆ ಜಗತ್ತು ಬೇಕು ಅನ್ನಿಸಿದ್ದಾದರೂ ಯಾಕೆ? ಜೈನರ ಪ್ರಕಾರ ಜಗತ್ತನ್ನು ಯಾರೂ ಮಾಡಿಲ್ಲ, ಅದು ಅನಾದಿ.

"ದೇವರನ್ನು ಮಾಡಿದವರು ಯಾರು?" ಅಂತ ಕೇಳಿ ಗೆದ್ದೆ ಅಂದುಕೊಳ್ಳಬೇಡ ಮತ್ತೆ. ನಂಬುವವರ ಹತ್ತಿರ ಜವಾಬು ಇದೆ: ಶುರುವಾದದ್ದಕ್ಕೆ ಮಾತ್ರ ಕಾರಣ ಬೇಕು, ದೇವರಿಗೆ ಶುರು ಇಲ್ಲ. ಸರಿ, ವಿಶ್ವಕ್ಕಾದರೂ ಶುರು ಇದೆಯಾ? ಸುಮಾರು 1380 ಕೋಟಿ ವರ್ಷಗಳ ಹಿಂದೆ ಎಲ್ಲವೂ ವಿಪರೀತ ಬಿಸಿಯಾಗಿ, ಒತ್ತೊತ್ತಾಗಿ ಇತ್ತು. ಇಷ್ಟಕ್ಕೆ ಪುರಾವೆ ಇದೆ. ಅದಕ್ಕೂ ಹಿಂದಕ್ಕೆ ಹೋದರೆ ಐನ್‌ಸ್ಟೈನ್ ಸಮೀಕರಣಗಳೇ ಕೈಕೊಡುತ್ತವೆ. ಅದೇ ಮೊಟ್ಟಮೊದಲ ಕ್ಷಣವೋ, ಅದಕ್ಕೂ ಮೊದಲು ಏನಾದರೂ ಇತ್ತೋ, ಇನ್ನೂ ತೀರ್ಮಾನವಾಗಿಲ್ಲ. ಹಾಗಿರುವಾಗ ಆ ಕತ್ತಲಲ್ಲಿ ದೇವರನ್ನು ತಂದು ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ಯಾರೋ ಅಲ್ಲಿ ದೀಪ ಹಚ್ಚಿದರೆ ಪಾಪ, ದೇವರು ಜಾಗ ಖಾಲಿ ಮಾಡಬೇಕು. "ಕ್ವಾಂಟಮ್ ಪ್ರಕಾರ ಶೂನ್ಯದಿಂದ ಬಂತು" ಅಂತಲೂ ಅಂದೆಯಲ್ಲ, ಅದೂ ಅವಸರದ ಮಾತೇ. ಆ ಶೂನ್ಯದಲ್ಲಿ ಭೌತವಿಜ್ಞಾನ ಹೇಳುವ ಕ್ಷೇತ್ರಗಳಿವೆ (ಫೀಲ್ಡ್‌ಗಳು), ನಿಯಮಗಳಿವೆ. ಇಷ್ಟೆಲ್ಲ ಇರುವುದನ್ನು ಏನೂ ಇಲ್ಲ ಅನ್ನೋದು ಹೇಗೆ?

ನನ್ನನ್ನು ಕೇಳಿದರೆ, ವಿಶ್ವ ಹುಟ್ಟಲು ದೇವರು ಬೇಕೇ ಬೇಕು ಅನ್ನೋದಕ್ಕೆ ಕಾರಣ ಕಾಣುವುದಿಲ್ಲ. ಆದರೆ ಅಜ್ಜಿಯ ದೇವರಿಗೂ ಈ ಲೆಕ್ಕಕ್ಕೂ ಸಂಬಂಧವೇ ಇಲ್ಲ ಕಣೇ. ಪುಣೆ ಹತ್ತಿರದ ಜೇಜುರಿಯಲ್ಲಿ ಖಂಡೋಬಾ ಗುಡಿಯ ಮೆಟ್ಟಿಲು ಹತ್ತುವಾಗ ಅವರ ಜೊತೆ ಇದ್ದವಳು ನಾನು. ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ ಅನ್ನುತ್ತಾ, ಮಂಡಿ ಹಿಡಿದುಕೊಂಡೇ ಹತ್ತಿದರು. ಮುಷ್ಟಿ ತುಂಬ ಭಂಡಾರದ ಅರಿಶಿನ ಎರಚಿದರು, ನನ್ನ ಸೀರೆಯೆಲ್ಲ ಹಳದಿ. ಬೇಡಿಕೊಂಡದ್ದು ನಿಮ್ಮಪ್ಪನ ಭೋಸರಿ ಕಾರ್ಖಾನೆ ಮತ್ತೆ ತೆರೆಯಲಿ ಅಂತ. ನಕ್ಷತ್ರ ಮಾಡಿದವರು ಯಾರು ಅಂತ ಅಜ್ಜಿ ಆ ದೇವರನ್ನು ಕೇಳಿದ್ದನ್ನು ನಾನಂತೂ ನೋಡಿಲ್ಲ. ವಾದಕ್ಕೆ ಎಳೆದವಳು ನೀನು, ಅದಕ್ಕೆ ಆ ಪ್ರಶ್ನೆ ಬಂತು.

ನನಗೆ ಬಗೆಹರಿಯದೆ ಉಳಿದಿರುವುದು ಬೇರೆ. ಆ ನಿಯಮಗಳು ಇರುವುದಾದರೂ ಯಾಕೆ? ಹೀಗೇ ಯಾಕೆ ಇವೆ? 'ದೇವರು' ಅಂದರೆ ಪ್ರಶ್ನೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ, ಅಷ್ಟೇ. 'ಸುಮ್ನೆ ಇವೆ' ಅಂದರೂ ಸಮಾಧಾನ ಆಗುವುದಿಲ್ಲ. ನಿಮ್ಮ ಫಿಸಿಕ್ಸ್ ಮೇಡಂ ಇದಕ್ಕೆ ಏನನ್ನುತ್ತಾರೆ ಕೇಳಿ ಬರೆ. ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ ತಪ್ಪಿಸಿಕೊಳ್ಳಬೇಡ, ಜಾಸ್ತಿಯೇ ಬರೆ.

ನಿನ್ನ ಅಮ್ಮ